ಕಬ್ಬಿಣದ ಬರ, ಕಿರು ಆರ್‌ಎನ್‌ಎ ಮತ್ತು ಬ್ಯಾಕ್ಟೀರಿಯಾಗಳ ವಿಕಾಸ: ಒಂದು ಚರ್ಚೆ

ಬಳ್ಳಾರಿ ಉಪನ್ಯಾಸಕ

ಸಂಡೂರಿನ ಬೆಟ್ಟಸಾಲಿನ ಮಣ್ಣಿನಲ್ಲಿ ಕಬ್ಬಿಣಕ್ಕೆ ಕೊರತೆಯಿಲ್ಲ ಎಂಬುದು ನಮಗೆಲ್ಲ ಗೊತ್ತು. ಆದರೆ ಆ ಕಬ್ಬಿಣದ ಬಹುಪಾಲು ಹೆಮಟೈಟ್‌ನಂಥ ಆಕ್ಸೈಡ್ ರೂಪದಲ್ಲಿದೆ. ಗಾಳಿಯಾಡುವ, ಆಮ್ಲೀಯವಲ್ಲದ ಮಣ್ಣಿನಲ್ಲಿ ಅದು ನೀರಿಗೆ ಕರಗುವುದು ಅತ್ಯಲ್ಪ. ಹಾಗಾಗಿ ಕಬ್ಬಿಣದ ನಡುವೆಯೇ ಬದುಕುವ ಬ್ಯಾಕ್ಟೀರಿಯಾಗಳಿಗೂ ಕಬ್ಬಿಣದ ಕೊರತೆ ಎದುರಾಗುತ್ತದೆ. ಸುಣ್ಣದಂಶ ಹೆಚ್ಚಿರುವ ಎರೆ ಭೂಮಿಯಲ್ಲಿ ಶೇಂಗಾದ ಎಳೆಯ ಎಲೆಗಳು ಹಳದಿಗಟ್ಟುವುದನ್ನು ಕಂಡವರಿಗೆ ಈ ಮಾತು ಹೊಸದಲ್ಲ. ಸಸ್ಯವನ್ನು ಕಾಡುವ ರಾಸಾಯನಿಕ ಕಾರಣವೂ ಇದೇ.

ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಈ ಕೊರತೆಯನ್ನು ನಿಭಾಯಿಸುವ ಕೆಲಸದ ಒಂದು ದೊಡ್ಡ ಪಾಲನ್ನು ಸುಮಾರು 90 ಅಕ್ಷರಗಳಷ್ಟೇ (ಅಂದರೆ ಸರಪಳಿಯ ರಾಸಾಯನಿಕ ಘಟಕಗಳಷ್ಟೇ) ಉದ್ದದ ಒಂದು ಕಿರು ಆರ್‌ಎನ್‌ಎ ವಹಿಸಿಕೊಂಡಿದೆ. ಅದರ ಹೆಸರು ರೈ-ಎಚ್-ಬಿ. ಅದರಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಜೀವಕೋಶದಲ್ಲಿ ಕಬ್ಬಿಣ ಸಾಕಷ್ಟಿರುವಾಗ ಫರ್ ಎಂಬ ಪ್ರೋಟೀನ್ ಕಬ್ಬಿಣವನ್ನು ಹಿಡಿದುಕೊಂಡು ಈ ಆರ್‌ಎನ್‌ಎಯ ವಂಶವಾಹಿಯ ಮೇಲೆ ಕುಳಿತು ಅದರ ತಯಾರಿಕೆಯನ್ನು ತಡೆಯುತ್ತದೆ. ಕಬ್ಬಿಣ ಕಡಿಮೆಯಾದ ಕೂಡಲೇ ಫರ್ ಅಲ್ಲಿಂದ ಕಳಚಿಕೊಳ್ಳುತ್ತದೆ, ರೈ-ಎಚ್-ಬಿ ಹೇರಳವಾಗಿ ತಯಾರಾಗುತ್ತದೆ, ಮತ್ತು ಕಬ್ಬಿಣವನ್ನು ಬಳಸುವ ಪ್ರೋಟೀನ್‌ಗಳ ಸಂದೇಶವಾಹಕ ಆರ್‌ಎನ್‌ಎಗಳಿಗೆ, ಅಂದರೆ ಡಿಎನ್‌ಎಯಲ್ಲಿರುವ ಪ್ರೋಟೀನ್ ಸಂಕೇತವನ್ನು ಹೊತ್ತೊಯ್ಯುವ ಪ್ರತಿಗಳಿಗೆ, ಜೋಡಿಯಾಗಿ ಅಂಟಿಕೊಂಡು ಅವುಗಳನ್ನು ನಾಶಕ್ಕೆ ಒಪ್ಪಿಸುತ್ತದೆ. ಇದನ್ನು 2002ರಲ್ಲಿ ಎರಿಕ್ ಮಾಸೆ ಮತ್ತು ಸುಸಾನ್ ಗಾಟ್ಸ್‌ಮನ್ ತೋರಿಸಿಕೊಟ್ಟರು. ಹೀಗೆ ಐವತ್ತಕ್ಕೂ ಹೆಚ್ಚು ಪ್ರೋಟೀನ್‌ಗಳ ತಯಾರಿಕೆ ಇದರ ಹಿಡಿತಕ್ಕೆ ಬರುತ್ತದೆ. ಅವುಗಳಿಂದ ಉಳಿದ ಕಬ್ಬಿಣ ಅದಿಲ್ಲದೆ ನಡೆಯದ ಕೆಲಸಗಳಿಗೆ ಒದಗುತ್ತದೆ.

ನನ್ನನ್ನು ಬಹುವಾಗಿ ಸೆಳೆದದ್ದು ಇದರ ಮುಂದಿನ ಸಂಗತಿ. ಸ್ಯೂಡೊಮೊನಾಸ್ ಎರುಜಿನೋಸಾ ಎಂಬ ಬ್ಯಾಕ್ಟೀರಿಯಾದಲ್ಲಿ ಇದೇ ಕೆಲಸವನ್ನು ಪಿ-ಆರ್-ಆರ್-ಎಫ್ ಎಂಬ ಒಂದರ ಪಕ್ಕ ಒಂದಿರುವ ಎರಡು ಆರ್‌ಎನ್‌ಎಗಳು ಮಾಡುತ್ತವೆ. ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಎಫ್-ಎಸ್-ಆರ್-ಎ ಮಾಡುತ್ತದೆ. ದ್ಯುತಿಸಂಶ್ಲೇಷಣೆ ನಡೆಸುವ ಸಯನೋಬ್ಯಾಕ್ಟೀರಿಯಾಗಳಲ್ಲಿ ಐಸಾ-ಆರ್-1 ಮಾಡುತ್ತದೆ. ಅಕ್ಷರಗಳ ಸಾಲನ್ನು ಹೋಲಿಸಿ ನೋಡಿದರೆ ಇವುಗಳಲ್ಲಿ ರಕ್ತಸಂಬಂಧ ಕಾಣುವುದಿಲ್ಲ. ಒಂದೇ ಕಷ್ಟಕ್ಕೆ ಬೇರೆ ಬೇರೆ ವಂಶಗಳು ಬೇರೆ ಬೇರೆ ಕಡೆಯಿಂದ ಹೊರಟು ಒಂದೇ ಬಗೆಯ ಪರಿಹಾರಕ್ಕೆ ಬಂದು ಮುಟ್ಟಿವೆ. ವಿಕಾಸವು ಇಷ್ಟು ಸಲ ಈ ದಾರಿಯನ್ನೇ ತುಳಿದಿದ್ದರೆ ಅದು ಸುಲಭದ ದಾರಿಯೇ ಆಗಿರಬೇಕು ಎಂಬುದು ನನ್ನ ವಾದ. ಪ್ರೋಟೀನ್ ಸಂಕೇತವಿಲ್ಲದ ಆರ್‌ಎನ್‌ಎ ಬ್ಯಾಕ್ಟೀರಿಯಾದ ದಿನನಿತ್ಯದ ಹೊಂದಾಣಿಕೆಯ ಸಾಧನ ಮಾತ್ರವಲ್ಲ, ನೈಸರ್ಗಿಕ ಆಯ್ಕೆಗೆ ಕಡಿಮೆ ಖರ್ಚಿನಲ್ಲಿ ಬದಲಾವಣೆ ಮಾಡಲು ಸಿಗುವ ತಾಣವೂ ಹೌದು. ಒಪ್ಪದವರು ದಯವಿಟ್ಟು ಕಾರಣಸಹಿತ ಬರೆಯಬೇಕು.

ರಾಯಚೂರು ವಿದ್ಯಾರ್ಥಿನಿ

ನಮಸ್ಕಾರ ಸರ್. ನಾನು ಸೂಕ್ಷ್ಮಜೀವಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ನಮ್ಮ ಪಠ್ಯದಲ್ಲಿ ವಂಶವಾಹಿಗಳ ನಿಯಂತ್ರಣವೆಂದರೆ ಲ್ಯಾಕ್ ಓಪೆರಾನ್, ಅಂದರೆ ಡಿಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನ್‌ಗಳು. ಕಿರು ಆರ್‌ಎನ್‌ಎಗಳ ಬಗ್ಗೆ ಒಂದೆರಡು ಸಾಲು ಮಾತ್ರ ಇವೆ. ನನ್ನ ಸಂದೇಹ ಎರಡು. ಅಷ್ಟು ಚಿಕ್ಕ ಆರ್‌ಎನ್‌ಎ ಸಾವಿರಾರು ಸಂದೇಶಗಳ ನಡುವೆ ತನ್ನ ಗುರಿಯನ್ನು ಗುರುತಿಸುವುದು ಹೇಗೆ? ಮತ್ತು ಇದು ಇತ್ತೀಚಿನ ಆವಿಷ್ಕಾರವಾದ್ದರಿಂದ ಪಠ್ಯದಲ್ಲಿ ಸೇರಿಲ್ಲವೇ, ಅಥವಾ ಬೇರೆ ಕಾರಣವಿದೆಯೇ?

ಬಳ್ಳಾರಿ ಉಪನ್ಯಾಸಕ

ತಂಗಿ, ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ವಿಷಯ ಹಳೆಯದು. 6ಎಸ್ ಎಂಬ ಕಿರು ಆರ್‌ಎನ್‌ಎಯನ್ನು ಇ. ಕೋಲಿಯಲ್ಲಿ ಕಂಡದ್ದು 1967ರಲ್ಲಿ; ಅದು ಏನು ಮಾಡುತ್ತದೆಂದು ತಿಳಿದದ್ದು 2000ದಲ್ಲಿ, ಕ್ಯಾರೆನ್ ವಾಸರ್‌ಮನ್ ಮತ್ತು ಗಿಸೆಲಾ ಸ್ಟಾರ್ಜ್ ಅವರ ಕೆಲಸದಿಂದ. ಆಹಾರ ಮುಗಿದು ಬೆಳವಣಿಗೆ ನಿಂತಾಗ ಈ ಆರ್‌ಎನ್‌ಎ ಹೇರಳವಾಗಿ ಶೇಖರಗೊಂಡು, ಡಿಎನ್‌ಎಯನ್ನು ಓದಿ ಆರ್‌ಎನ್‌ಎ ತಯಾರಿಸುವ ಆರ್‌ಎನ್‌ಎ ಪಾಲಿಮರೇಸ್ ಕಿಣ್ವವನ್ನೇ ಹಿಡಿದುಕೊಳ್ಳುತ್ತದೆ. ತೆರೆದ ಡಿಎನ್‌ಎಯಂತೆ ಕಾಣುವ ಆಕಾರವಿರುವುದರಿಂದ ಕಿಣ್ವ ಅದಕ್ಕೆ ಅಂಟುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಒಂದು ಅಣು ಕಣ್ಣೆದುರಿಗೆ ಇದ್ದರೂ ಅದರ ಕೆಲಸ ತಿಳಿಯಲಿಲ್ಲ, ಏಕೆಂದರೆ ನಿಯಂತ್ರಿಸುವುದು ಪ್ರೋಟೀನ್‌ಗಳ ಕೆಲಸ ಎಂಬ ನಂಬಿಕೆ ಅಷ್ಟು ಬಲವಾಗಿತ್ತು. 1984ರಲ್ಲಿ ಮಸಯೋರಿ ಇನೌಯೆ ಅವರ ತಂಡ ಮಿಕ್-ಎಫ್ ಎಂಬ ಆರ್‌ಎನ್‌ಎಯನ್ನು ವರದಿ ಮಾಡಿತು. ಬ್ಯಾಕ್ಟೀರಿಯಾದ ಸ್ವಂತ ವರ್ಣತಂತುವಿನಲ್ಲಿರುವ ಆರ್‌ಎನ್‌ಎಯೊಂದು ಬೇರೊಂದು ವಂಶವಾಹಿಯ ಸಂದೇಶಕ್ಕೆ ಅಂಟಿ ಅದನ್ನು ತಡೆಯುತ್ತದೆಂಬುದು ಆಗ ಮೊದಲು ತಿಳಿಯಿತು. 2001ರಲ್ಲಿ ಮೂರು ತಂಡಗಳು ಬೇರೆ ಬೇರೆಯಾಗಿ ಇ. ಕೋಲಿಯ ವಂಶವಾಹಿಗಳ ನಡುವಣ ಖಾಲಿ ಜಾಗಗಳನ್ನು ಶೋಧಿಸಿದಾಗ ಇಂಥವು ಸಾಲುಸಾಲಾಗಿ ಸಿಕ್ಕವು.

ಇನ್ನು ಗುರಿ ಗುರುತಿಸುವುದರ ಬಗ್ಗೆ. ಈ ಆರ್‌ಎನ್‌ಎಯ ಒಂದು ಭಾಗದಲ್ಲಿ ಆರರಿಂದ ಎಂಟು ಅಕ್ಷರಗಳ ಒಂದು ತುಣುಕಿರುತ್ತದೆ. ಅದನ್ನು ಬೀಜಭಾಗ ಎನ್ನೋಣ. ಗುರಿಸಂದೇಶದಲ್ಲಿ ಅದಕ್ಕೆ ಪೂರಕವಾದ ಅಕ್ಷರಗಳಿದ್ದರೆ ಅಲ್ಲಿಂದ ಜೋಡಣೆ ಆರಂಭವಾಗುತ್ತದೆ. ಅನೇಕ ಬ್ಯಾಕ್ಟೀರಿಯಾಗಳಲ್ಲಿ ಎಚ್-ಎಫ್-ಕ್ಯೂ ಎಂಬ, ಆರು ಘಟಕಗಳು ಸೇರಿ ಬಳೆಯಾಕಾರ ತಾಳುವ ಪ್ರೋಟೀನ್ ಎರಡನ್ನೂ ಹಿಡಿದು ಹತ್ತಿರಕ್ಕೆ ತರುತ್ತದೆ. ಜೋಡಣೆಯು ಪ್ರೋಟೀನ್ ತಯಾರಿಸುವ ರೈಬೋಸೋಮ್ ಎಂಬ ಯಂತ್ರ ಕುಳಿತುಕೊಳ್ಳಬೇಕಾದ ಸ್ಥಳವನ್ನು ಮುಚ್ಚಿದರೆ ಪ್ರೋಟೀನ್ ತಯಾರಿಕೆ ನಿಲ್ಲುತ್ತದೆ. ಕೆಲವೊಮ್ಮೆ ಇದಕ್ಕೆ ತದ್ವಿರುದ್ಧ: ಸಂದೇಶವು ತನ್ನಲ್ಲೇ ಮಡಿಚಿಕೊಂಡು ಆ ಸ್ಥಳವನ್ನು ಮುಚ್ಚಿಕೊಂಡಿದ್ದರೆ, ಕಿರು ಆರ್‌ಎನ್‌ಎ ಬಂದು ಅಂಟಿದಾಗ ಆ ಮಡಿಕೆ ಬಿಚ್ಚಿ ತಯಾರಿಕೆ ಆರಂಭವಾಗುತ್ತದೆ. ಒತ್ತಡದ ಕಾಲದ ಮುಖ್ಯ ನಿಯಂತ್ರಕವಾದ ಆರ್-ಪಿ-ಒ-ಎಸ್‌ನ ಸಂದೇಶವನ್ನು ಡಿ-ಎಸ್-ಆರ್-ಎ ಎಂಬ ಆರ್‌ಎನ್‌ಎ ಚಳಿಯಲ್ಲಿ ತೆರೆಯುವುದು ಹೀಗೆಯೇ.

ಇದರಲ್ಲಿ ವಿಕಾಸದ ವಿಷಯವೂ ಅಡಗಿದೆ. ಪ್ರೋಟೀನೊಂದು ಹೊಸ ಗುರಿಯನ್ನು ಗುರುತಿಸಬೇಕಾದರೆ ಅದರ ಆಕಾರ ಬದಲಾಗಬೇಕು, ಆಕಾರ ಬದಲಾದರೆ ಹಳೆಯ ಕೆಲಸ ಕೆಡುವ ಅಪಾಯವಿದೆ. ಆರ್‌ಎನ್‌ಎಗೆ ಹೊಸ ಗುರಿ ಸಿಗಲು ಯಾವುದೋ ಒಂದು ಸಂದೇಶದ ತಲೆಭಾಗದಲ್ಲಿ ಒಂದೆರಡು ಅಕ್ಷರ ಬದಲಾದರೂ ಸಾಕಾಗಬಹುದು.

ಸಿಂಧನೂರು ಕೃಷಿಕ

ಉಪನ್ಯಾಸಕರಿಗೆ ನಮಸ್ಕಾರ. ನಾನು ಭತ್ತ ಬೆಳೆಯುವವನು, ಓದಿದ್ದು ಬಿ.ಎಸ್ಸಿ. ನೀವು ಬರೆದ ಕಬ್ಬಿಣದ ವಿಚಾರ ನಮ್ಮ ಎಡದಂಡೆ ಕಾಲುವೆಯ ವ್ಯವಸ್ಥೆಯಂತೆ ನನಗೆ ಅರ್ಥವಾಯಿತು. ತುಂಗಭದ್ರಾ ಜಲಾಶಯದಲ್ಲಿ ನೀರು ಕಡಿಮೆಯಾದ ವರ್ಷ ನೀರಾವರಿ ಸಲಹಾ ಸಮಿತಿ ಬೇಸಿಗೆ ಭತ್ತಕ್ಕೆ ನೀರು ನಿಲ್ಲಿಸಿ, ಇರುವ ನೀರನ್ನು ಕುಡಿಯುವುದಕ್ಕೆ ಮತ್ತು ನಿಂತ ಬೆಳೆಗೆ ಉಳಿಸುತ್ತದೆ. ಹೊಸ ನೀರು ತರುವುದಿಲ್ಲ, ಇದ್ದುದನ್ನು ಹಂಚುತ್ತದೆ. ಈ ರೈ-ಎಚ್-ಬಿ ಮಾಡುವುದೂ ಅಷ್ಟೇಯೇ, ಅಥವಾ ಹೊರಗಿನಿಂದ ಕಬ್ಬಿಣ ತರುವುದರಲ್ಲೂ ಅದಕ್ಕೆ ಪಾತ್ರವಿದೆಯೇ?

ಬಳ್ಳಾರಿ ಉಪನ್ಯಾಸಕ

ಅಣ್ಣನವರೇ, ಹೋಲಿಕೆ ಸರಿಯಾಗಿದೆ, ಪ್ರಶ್ನೆಯೂ ಸರಿಯಾಗಿದೆ. ಹೊರಗಿನಿಂದ ತರುವುದರಲ್ಲೂ ಪಾತ್ರವಿದೆ. ಬ್ಯಾಕ್ಟೀರಿಯಾಗಳು ಕಬ್ಬಿಣವನ್ನು ಬಿಗಿಯಾಗಿ ಹಿಡಿಯುವ ಸಣ್ಣ ಅಣುಗಳನ್ನು ಹೊರಗೆ ಬಿಟ್ಟು, ಅವು ಕಬ್ಬಿಣ ಹಿಡಿದ ಮೇಲೆ ಮರಳಿ ಒಳಗೆಳೆದುಕೊಳ್ಳುತ್ತವೆ. ಇಂಥ ಅಣುವನ್ನು ತಯಾರಿಸಲು ಶಿಕಿಮೇಟ್ ಎಂಬ ಕಚ್ಚಾವಸ್ತು ಬೇಕು. ಅದನ್ನು ಒಳಗೆ ತರುವ ಪ್ರೋಟೀನ್‌ನ ಸಂದೇಶವನ್ನು ರೈ-ಎಚ್-ಬಿ ನಾಶಪಡಿಸುವುದಿಲ್ಲ, ಬದಲಿಗೆ ಅದರ ಮಡಿಕೆ ಬಿಡಿಸಿ ಪ್ರೋತ್ಸಾಹಿಸುತ್ತದೆ. ಒಂದೇ ಆರ್‌ಎನ್‌ಎ ಒಂದು ಕಡೆ ಖರ್ಚು ನಿಲ್ಲಿಸುತ್ತದೆ, ಇನ್ನೊಂದು ಕಡೆ ಗಳಿಕೆಗೆ ನೆರವಾಗುತ್ತದೆ. ಗುರಿಯನ್ನು ನಾಶಪಡಿಸುವಾಗ ರೈ-ಎಚ್-ಬಿ ತಾನೂ ಜೊತೆಗೇ ನಾಶವಾಗುವುದರಿಂದ, ಕಬ್ಬಿಣ ಮರಳಿ ಬಂದಾಗ ಹಳೆಯ ಆದೇಶ ಹೆಚ್ಚು ಹೊತ್ತು ಉಳಿಯುವುದೂ ಇಲ್ಲ.

ಗಂಗಾವತಿ ಮಣ್ಣುವಿಜ್ಞಾನಿ

ಉಪನ್ಯಾಸಕರ ವಿವರಣೆಯನ್ನು ಆಸಕ್ತಿಯಿಂದ ಓದಿದೆ. ಆದರೆ ಎರಡು ಆಕ್ಷೇಪಗಳನ್ನು ದಾಖಲಿಸಲೇಬೇಕು.

ಮೊದಲನೆಯದು, ಇಲ್ಲಿ ಎರಡು ಬೇರೆ ಸಂಗತಿಗಳು ಒಂದರೊಳಗೊಂದು ಬೆರೆತಿವೆ. ಕಬ್ಬಿಣ ಕಡಿಮೆಯಾದಾಗ ಒಂದು ಜೀವಕೋಶ ಕೆಲವೇ ನಿಮಿಷಗಳಲ್ಲಿ ತನ್ನ ನಡವಳಿಕೆ ಬದಲಿಸಿಕೊಳ್ಳುವುದು ಶರೀರಕ್ರಿಯೆಯ ವಿಷಯ. ಕಬ್ಬಿಣ ಬಂದರೆ ಅದು ಮೊದಲಿನಂತಾಗುತ್ತದೆ, ಮುಂದಿನ ಪೀಳಿಗೆಗೆ ಏನೂ ದಾಟುವುದಿಲ್ಲ. ವಿಕಾಸವೆಂದರೆ ಡಿಎನ್‌ಎಯಲ್ಲಿ ಬದಲಾವಣೆಯಾಗಿ, ಆ ಬದಲಾವಣೆ ಹೊತ್ತವರು ಉಳಿದವರಿಗಿಂತ ಹೆಚ್ಚು ಸಂತಾನ ಬಿಟ್ಟು, ಅದು ಸಮುದಾಯದಲ್ಲಿ ನೆಲೆಗೊಳ್ಳುವುದು. ರೈ-ಎಚ್-ಬಿಯ ಕೆಲಸ ಎಷ್ಟೇ ಸೊಗಸಾಗಿದ್ದರೂ ಅದು ಮೊದಲನೆಯದಕ್ಕೆ ಸಾಕ್ಷಿ, ಎರಡನೆಯದಕ್ಕಲ್ಲ. ಬೇರೆ ಬೇರೆ ವಂಶಗಳಲ್ಲಿ ಒಂದೇ ಪರಿಹಾರ ಮೂಡಿದೆ ಎಂಬುದು ಬಲವಾದ ಸೂಚನೆ ನಿಜ, ಆದರೆ ಅದು ನಡೆದುಹೋದ ಘಟನೆಯಿಂದ ಹಿಂದಕ್ಕೆ ಊಹಿಸಿದ್ದು. ಕಿರು ಆರ್‌ಎನ್‌ಎಯಲ್ಲಿ ಒಂದು ಅಕ್ಷರ ಬದಲಾದದ್ದರಿಂದಲೇ ಒಂದು ಬ್ಯಾಕ್ಟೀರಿಯಾ ಸಮುದಾಯ ಗೆದ್ದಿತು ಎಂದು ಯಾರಾದರೂ ಕಣ್ಣಾರೆ ಕಂಡಿದ್ದಾರೆಯೇ?

ಎರಡನೆಯದು, ಈಗ ಆರ್‌ಎನ್‌ಎ ಅನುಕ್ರಮಣಿಕೆಯ ಯಂತ್ರಗಳು ಬಂದ ಮೇಲೆ ಯಾವ ಬ್ಯಾಕ್ಟೀರಿಯಾವನ್ನು ನೋಡಿದರೂ ನೂರಾರು ಹೊಸ ಆರ್‌ಎನ್‌ಎಗಳು ಸಿಕ್ಕವೆಂದು ಪ್ರಬಂಧಗಳು ಬರುತ್ತಿವೆ. ಸಿಕ್ಕಿದ್ದೆಲ್ಲ ಕೆಲಸ ಮಾಡುತ್ತದೆಂದು ಹೇಳಲಾಗದು. 2016ರಲ್ಲಿ ಪ್ರಕಟವಾದ ಒಂದು ಹೋಲಿಕೆ ಅಧ್ಯಯನದಲ್ಲಿ, ಡಿಎನ್‌ಎಯಲ್ಲಿ ಎ ಮತ್ತು ಟಿ ಅಕ್ಷರಗಳ ಪ್ರಮಾಣ ಹೆಚ್ಚಿರುವ ಬ್ಯಾಕ್ಟೀರಿಯಾಗಳಲ್ಲಿ ವಂಶವಾಹಿಯ ಎದುರಿಗಿರುವ ಡಿಎನ್‌ಎಯ ವಿರುದ್ಧ ಎಳೆಯಿಂದ ಹುಟ್ಟುವ ಆರ್‌ಎನ್‌ಎಗಳೂ ಹೆಚ್ಚಿರುವುದು ಕಂಡುಬಂತು. ಓದು ಆರಂಭವಾಗುವ ಸ್ಥಳದ ಗುರುತು ಎ-ಟಿ ಅಕ್ಷರಗಳಿಂದಲೇ ಕೂಡಿರುವುದರಿಂದ ಅಂಥ ಡಿಎನ್‌ಎಯಲ್ಲಿ ಅದು ಆಕಸ್ಮಿಕವಾಗಿಯೂ ಮೂಡುತ್ತದೆ. ಇಂಥ ಆರ್‌ಎನ್‌ಎಗಳಲ್ಲಿ ಬಹುಪಾಲು ಬರೀ ಗದ್ದಲ ಎಂಬುದು ಆ ಅಧ್ಯಯನದ ತೀರ್ಮಾನ.

ಬಳ್ಳಾರಿ ಉಪನ್ಯಾಸಕ

ಮೇಡಂ, ಎರಡನೆಯ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಇದೆ ಎಂದ ಮಾತ್ರಕ್ಕೆ ಕೆಲಸಕ್ಕೆ ಬರುತ್ತದೆ ಎನ್ನಲಾಗದು.

ಮೊದಲನೆಯದಕ್ಕೆ ಕಣ್ಣಾರೆ ಕಂಡ ಸಾಕ್ಷಿಯೇ ಇದೆ, ಮತ್ತು ಅದು ಮಣ್ಣಿನ ಬ್ಯಾಕ್ಟೀರಿಯಾದ್ದೇ. ಮಿಕ್ಸೊಕಾಕಸ್ ಕ್ಸಾಂಥಸ್ ಎಂಬ ಬ್ಯಾಕ್ಟೀರಿಯಾ ಹಸಿವಾದಾಗ ಒಂಟಿಯಾಗಿ ಉಳಿಯುವುದಿಲ್ಲ. ಲಕ್ಷದಷ್ಟು ಜೀವಕೋಶಗಳು ಒಂದೆಡೆ ಸೇರಿ ಒಂದು ದಿಬ್ಬ ಕಟ್ಟುತ್ತವೆ, ಅವುಗಳಲ್ಲಿ ಕೆಲವು ಮಾತ್ರ ಗಟ್ಟಿ ಬೀಜಕಗಳಾಗಿ ಬರಗಾಲ ದಾಟುತ್ತವೆ. ಗ್ರೆಗರಿ ವೆಲಿಸರ್ ಅವರ ತಂಡ ಪ್ರಯೋಗಾಲಯದಲ್ಲಿ ಇದನ್ನು ಬಹಳ ಪೀಳಿಗೆಗಳವರೆಗೆ ಬೆಳೆಸಿದಾಗ ಒಂದು ಮೋಸಗಾರ ವಂಶ ಹುಟ್ಟಿಕೊಂಡಿತು. ತಾನೊಂದೇ ಇದ್ದರೆ ಅದಕ್ಕೆ ದಿಬ್ಬ ಕಟ್ಟಲು ಬಾರದು; ಪ್ರಾಮಾಣಿಕ ವಂಶದೊಂದಿಗೆ ಬೆರೆತಾಗ ಮಾತ್ರ ಅವರ ಶ್ರಮದಲ್ಲಿ ತನ್ನ ಬೀಜಕಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಆ ಮೋಸಗಾರರೊಳಗಿಂದ ಮುಂದೆ ಮತ್ತೊಂದು ವಂಶ ಹುಟ್ಟಿತು. ಅದು ದಿಬ್ಬ ಕಟ್ಟುವ ಶಕ್ತಿಯನ್ನು ಮರಳಿ ಪಡೆದಿತ್ತು, ಮತ್ತು ಮೋಸಗಾರರ ಜೊತೆಗಿನ ಪೈಪೋಟಿಯಲ್ಲಿ ಗೆಲ್ಲುತ್ತಿತ್ತು. ಇದು 2006ರಲ್ಲಿ ಪ್ರಕಟವಾಯಿತು. ಮರಳಿ ಬಂದದ್ದಕ್ಕೆ ಕಾರಣ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ ಎಂದು ಆಗಲೇ ತಿಳಿದಿತ್ತು, ಆದರೆ ಆ ಅಕ್ಷರ ಇದ್ದ ಜಾಗದಲ್ಲಿ ಯಾವ ಪ್ರೋಟೀನ್‌ನ ಸಂಕೇತವೂ ಇರಲಿಲ್ಲ. 2010ರಲ್ಲಿ ಆ ಜಾಗ ಪಿ-ಎಕ್ಸ್-ಆರ್ ಎಂಬ ಕಿರು ಆರ್‌ಎನ್‌ಎಯ ವಂಶವಾಹಿ ಎಂದು ಅದೇ ತಂಡ ತೋರಿಸಿತು.

ಪಿ-ಎಕ್ಸ್-ಆರ್‌ನ ಕೆಲಸ, ಆಹಾರ ಇರುವಾಗ ದಿಬ್ಬ ಕಟ್ಟುವುದನ್ನು ತಡೆಯುವುದು. ಮೋಸಗಾರ ವಂಶದಲ್ಲಿ ಹಸಿವಾದ ಮೇಲೂ ಆ ತಡೆ ತೆರವಾಗುತ್ತಿರಲಿಲ್ಲ. ಒಂದು ಅಕ್ಷರ ಬದಲಾಗಿ ಆರ್‌ಎನ್‌ಎ ನಿಷ್ಕ್ರಿಯವಾದಾಗ ತಡೆ ಕಳಚಿತು. ಡಿಎನ್‌ಎಯಲ್ಲಿ ಬದಲಾವಣೆ, ಸಂತಾನದಲ್ಲಿ ಹೆಚ್ಚಳ, ಸಮುದಾಯದಲ್ಲಿ ನೆಲೆ: ನೀವು ಕೇಳಿದ ಮೂರೂ ಇಲ್ಲಿವೆ.

ಇನ್ನೊಂದು ಸಾಕ್ಷಿ ಔಷಧದ ಕಡೆಯಿಂದ. ಕೆಲವು ಸಂದೇಶವಾಹಕ ಆರ್‌ಎನ್‌ಎಗಳ ತಲೆಯಲ್ಲಿ, ಪ್ರೋಟೀನ್ ಸಂಕೇತ ಆರಂಭವಾಗುವುದಕ್ಕೆ ಮೊದಲು, ರೈಬೋಸ್ವಿಚ್ ಎಂಬ ಭಾಗವಿರುತ್ತದೆ. ಅದು ಒಂದು ನಿರ್ದಿಷ್ಟ ಸಣ್ಣ ಅಣುವನ್ನು ನೇರವಾಗಿ ಹಿಡಿದು ತನ್ನ ಮಡಿಕೆ ಬದಲಿಸಿಕೊಳ್ಳುತ್ತದೆ. ನಡುವೆ ಯಾವ ಪ್ರೋಟೀನೂ ಬೇಕಿಲ್ಲ. ಇವು 2002ರಲ್ಲಿ ಬೆಳಕಿಗೆ ಬಂದವು. ರೈಬೋಫ್ಲೇವಿನ್, ಅಂದರೆ ಬಿ-2 ಜೀವಸತ್ವ, ಸಾಕಷ್ಟು ತಯಾರಾಗಿದೆಯೇ ಎಂಬುದನ್ನು ಅಳೆಯುವ ರೈಬೋಸ್ವಿಚ್ಚಿಗೆ ಅಂಟಿ ಅದನ್ನು ಮೋಸಗೊಳಿಸುವ ರೈಬೋಸಿಲ್ ಎಂಬ ಸಂಯುಕ್ತವನ್ನು 2015ರಲ್ಲಿ ವರದಿ ಮಾಡಲಾಯಿತು. ಅದಕ್ಕೆ ಪ್ರತಿರೋಧ ಬೆಳೆಸಿಕೊಂಡ ಇ. ಕೋಲಿಗಳ ಡಿಎನ್‌ಎಯನ್ನು ನೋಡಿದಾಗ ಬದಲಾವಣೆಗಳು ಇದ್ದದ್ದು ರೈಬೋಸ್ವಿಚ್‌ನಲ್ಲಿಯೇ. ವಿಷ ಬಿದ್ದಾಗ ಆಯ್ಕೆ ಕೈಯಿಟ್ಟದ್ದು ಸಂಕೇತವಿಲ್ಲದ ಆ ತುಣುಕಿನ ಮೇಲೆ.

ಗಂಗಾವತಿ ಮಣ್ಣುವಿಜ್ಞಾನಿ

ಮಿಕ್ಸೊಕಾಕಸ್ ಪ್ರಯೋಗವನ್ನು ಒಪ್ಪುತ್ತೇನೆ. ಅಲ್ಲಿ ಬದಲಾವಣೆಯನ್ನು ಒಂದು ಅಕ್ಷರದವರೆಗೆ ಬೆನ್ನಟ್ಟಲಾಗಿದೆ. ಆದರೂ ಗಮನಿಸಿ, ಅಲ್ಲಿ ಗೆಲುವು ಬಂದದ್ದು ಇದ್ದ ಆರ್‌ಎನ್‌ಎ ಕೆಟ್ಟದ್ದರಿಂದ. ಕೆಡುವುದು ಸುಲಭ. ಹೊಸದೊಂದು ಆರ್‌ಎನ್‌ಎ ಹುಟ್ಟಿ, ಗುರಿ ಕಂಡುಕೊಂಡು, ಉಪಯುಕ್ತವಾಗಿ ಉಳಿಯುವುದು ಹೇಗೆ ಎಂಬುದನ್ನೂ ಹೇಳಬೇಕಲ್ಲವೇ?

ಬಳ್ಳಾರಿ ಉಪನ್ಯಾಸಕ

ಇಲ್ಲಿ ನಿಮ್ಮ ಎರಡನೆಯ ಆಕ್ಷೇಪವೇ ನನಗೆ ನೆರವಾಗುತ್ತದೆ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಯಾದೃಚ್ಛಿಕವಾಗಿ ಜೋಡಿಸಿದ ಸುಮಾರು ನೂರು ಅಕ್ಷರಗಳ ಡಿಎನ್‌ಎ ತುಣುಕುಗಳನ್ನು ಇ. ಕೋಲಿಯಲ್ಲಿಟ್ಟು ನೋಡಿದರು. ಅವುಗಳಲ್ಲಿ ಸುಮಾರು ಶೇ. 10ರಷ್ಟು ಯಾವ ಬದಲಾವಣೆಯೂ ಇಲ್ಲದೆ ಓದು ಆರಂಭಿಸುವ ತಾಣಗಳಾಗಿ ಕೆಲಸ ಮಾಡಿದವು; ಸುಮಾರು ಶೇ. 60ರಷ್ಟಕ್ಕೆ ಒಂದೇ ಅಕ್ಷರದ ಬದಲಾವಣೆ ಸಾಕಾಯಿತು. ಅಂದರೆ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಹೊಸ ಆರ್‌ಎನ್‌ಎಗಳು ಸದಾ ಹುಟ್ಟುತ್ತಲೇ ಇರುತ್ತವೆ. ನೀವು ಗದ್ದಲ ಎಂದದ್ದೇ ಆಯ್ಕೆಯ ಕಚ್ಚಾವಸ್ತು. ಅದರಲ್ಲಿ ಬಹುಪಾಲು ನಿರುಪಯುಕ್ತ, ಸ್ವಲ್ಪ ಹಾನಿಕರ, ಎಲ್ಲೋ ಒಂದಕ್ಕೆ ಆರೇಳು ಅಕ್ಷರಗಳ ಒಳ್ಳೆಯ ಜೋಡಿ ಸಿಕ್ಕರೆ ಅದು ಉಳಿಯುತ್ತದೆ.

ಹುಟ್ಟಲು ಬೇರೆ ದಾರಿಗಳೂ ಇವೆ. ಪ್ರೋಟೀನ್ ಸಂದೇಶದ ಬಾಲದ ತುಣುಕೇ ಸ್ವತಂತ್ರ ನಿಯಂತ್ರಕವಾಗುವುದುಂಟು. ಸಾಲ್ಮೊನೆಲ್ಲಾದಲ್ಲಿ ಡ್ಯಾಪ್-ಜೆಡ್ ಎಂಬ ಆರ್‌ಎನ್‌ಎ ಡ್ಯಾಪ್-ಬಿ ವಂಶವಾಹಿಯ ಬಾಲದೊಳಗಿಂದಲೇ ಹುಟ್ಟುತ್ತದೆಂದು 2012ರಲ್ಲಿ ತಿಳಿಯಿತು. ಆ ಬಾಲದಲ್ಲಿ ಓದು ಮುಗಿಸುವ ಗುರುತು ಮೊದಲೇ ಇರುವುದರಿಂದ ಹೊಸದಾಗಿ ಬೇಕಾದದ್ದು ಆರಂಭದ ತಾಣವೊಂದೇ. ಹೊರಗಿನಿಂದ ಬಂದು ಸೇರುವುದೂ ಇದೆ. ಕರುಳಿನ ಗೋಡೆಯೊಳಗೆ ನುಗ್ಗುವ ಶಕ್ತಿಯನ್ನು ಸಾಲ್ಮೊನೆಲ್ಲಾಕ್ಕೆ ಕೊಟ್ಟ ದೊಡ್ಡ ಡಿಎನ್‌ಎ ಖಂಡ ಇನ್ನೊಂದು ಜೀವಿಯಿಂದ ಬಂದದ್ದು. ಅದರಲ್ಲಿ ಇನ್ವ್-ಆರ್ ಎಂಬ ಕಿರು ಆರ್‌ಎನ್‌ಎ ಕುಳಿತಿದೆ. ಅದು ತನ್ನನ್ನು ಬರಮಾಡಿಕೊಂಡ ಸಾಲ್ಮೊನೆಲ್ಲಾದ್ದೇ ಎಚ್-ಎಫ್-ಕ್ಯೂ ಪ್ರೋಟೀನನ್ನು ಬಳಸಿಕೊಂಡು, ಹೊರಪೊರೆಯ ರಂಧ್ರಗಳಲ್ಲಿ ಒಂದಾದ ಒಎಮ್‌ಪಿ-ಡಿಯ ತಯಾರಿಕೆಯನ್ನು ತಗ್ಗಿಸುತ್ತದೆ. ಬಂದ ಖಂಡ ಇದ್ದ ಮನೆಯ ವ್ಯವಸ್ಥೆಗೆ ಹೊಂದಿಕೊಂಡು ನೆಲೆಯೂರಲು ಇದು ನೆರವಾಗಿರಬಹುದು ಎಂದು ನನಗನ್ನಿಸುತ್ತದೆ.

ಇ. ಕೋಲಿ ಮತ್ತು ಸಾಲ್ಮೊನೆಲ್ಲಾ ಕವಲೊಡೆದು ಸುಮಾರು ಹತ್ತು ಕೋಟಿ ವರ್ಷಗಳಾಗಿರಬೇಕೆಂದು ಅಂದಾಜು. ಎರಡರಲ್ಲೂ ರೈ-ಎಚ್-ಬಿ ಇದೆ, ಸಾಲ್ಮೊನೆಲ್ಲಾದಲ್ಲಿ ಅದರ ಎರಡನೆಯ ಪ್ರತಿಯೂ ಇದೆ. ಆದರೆ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಕಿರು ಆರ್‌ಎನ್‌ಎಗಳೂ ಹಲವಿವೆ. ಉಳಿದುಬಂದವುಗಳಲ್ಲಿ ಗುರಿಗೆ ಅಂಟುವ ಬೀಜಭಾಗ ಹೆಚ್ಚು ಬದಲಾಗದೆ ಉಳಿದು, ಸುತ್ತಲಿನ ಅಕ್ಷರಗಳು ಸಡಿಲವಾಗಿ ಬದಲಾಗಿರುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ಆಯ್ಕೆ ಎಲ್ಲಿ ಕೆಲಸ ಮಾಡಿದೆ ಎಂಬುದನ್ನು ಅದು ತೋರಿಸುತ್ತದೆ.

ಕೊಪ್ಪಳ ಲ್ಯಾಬ್ ತಂತ್ರಜ್ಞ

ಉಪನ್ಯಾಸಕ ಸರ್ ಅವರಿಗೂ ಮೇಡಂ ಅವರಿಗೂ ನಮಸ್ಕಾರ. ನಾನು ರೋಗಪತ್ತೆ ಪ್ರಯೋಗಾಲಯದಲ್ಲಿ ಕಲ್ಚರ್ ಮತ್ತು ಆಂಟಿಬಯೋಟಿಕ್ ಸಂವೇದನೆಯ ಪರೀಕ್ಷೆ ಮಾಡುತ್ತೇನೆ. ಪ್ರತಿರೋಧವೆಂದರೆ ಔಷಧವನ್ನು ಒಡೆಯುವ ಕಿಣ್ವ ಅಥವಾ ಅದನ್ನು ಹೊರದಬ್ಬುವ ಪಂಪು ಎಂದು ನಾವು ಕಲಿತಿದ್ದೇವೆ. ಸಂಕೇತವಿಲ್ಲದ ಆರ್‌ಎನ್‌ಎಗಳಿಗೂ ಇದರಲ್ಲಿ ನಿಜವಾಗಿ ಪಾತ್ರವಿದೆಯೇ?

ಬಳ್ಳಾರಿ ಉಪನ್ಯಾಸಕ

ಇದೆ. ಮಿಕ್-ಎಫ್‌ನ ಗುರಿ ಒಎಮ್‌ಪಿ-ಎಫ್, ಅಂದರೆ ಹೊರಪೊರೆಯ ಅಗಲವಾದ ರಂಧ್ರ. ಬೀಟಾ-ಲ್ಯಾಕ್ಟಮ್ ಔಷಧಗಳೂ ಫ್ಲೋರೋಕ್ವಿನೋಲೋನ್‌ಗಳೂ ಒಳಬರುವ ಬಾಗಿಲುಗಳಲ್ಲಿ ಅದೂ ಒಂದು. ಮಾರ್-ಎ ಎಂಬ ನಿಯಂತ್ರಕ ಪ್ರೋಟೀನ್ ಚುರುಕಾದಾಗ ಪಂಪುಗಳನ್ನು ಹೆಚ್ಚಿಸುವುದರ ಜೊತೆಗೆ ಮಿಕ್-ಎಫ್ ಅನ್ನೂ ಹೆಚ್ಚಿಸುತ್ತದೆ. ಹೀಗೆ ಔಷಧ ಹೊರಹೋಗುವುದು ಹೆಚ್ಚುತ್ತದೆ, ಒಳಬರುವುದು ತಗ್ಗುತ್ತದೆ. ಇದೊಂದರಿಂದಲೇ ಸಿಗುವ ಪ್ರತಿರೋಧ ಸಾಧಾರಣ ಮಟ್ಟದ್ದು. ಆದರೆ ಔಷಧ ಇರುವಾಗ ಸಾಯದೆ ಉಳಿದ ಜೀವಕೋಶಗಳಿಗೆ ಇನ್ನೂ ಗಟ್ಟಿಯಾದ ಬದಲಾವಣೆ ಬಂದು ಸೇರಲು ಕಾಲಾವಕಾಶ ಸಿಗುತ್ತದೆ. ಮೇಡಂ ಬೇರ್ಪಡಿಸಿದ ಆ ಎರಡು ಸಂಗತಿಗಳು, ಕ್ಷಣದ ಹೊಂದಾಣಿಕೆ ಮತ್ತು ಪೀಳಿಗೆಗಳ ವಿಕಾಸ, ಕೈಜೋಡಿಸುವುದು ಇಂಥಲ್ಲಿ.

ನಿಮ್ಮ ಪ್ಲೇಟಿನಲ್ಲಿ ಬೆಳೆಯುವ ಸ್ಟಫೈಲೊಕಾಕಸ್ ಆರಿಯಸ್‌ನಲ್ಲಿಯೂ 514 ಅಕ್ಷರಗಳ ಆರ್‌ಎನ್‌ಎ-III ಇದೆ. ಜೀವಕೋಶಗಳ ದಟ್ಟಣೆ ಹೆಚ್ಚಿದಾಗ ಅದು ತಯಾರಾಗಿ, ಮೇಲ್ಮೈಗೆ ಅಂಟಿಕೊಳ್ಳುವ ಪ್ರೋಟೀನ್‌ಗಳನ್ನು ಕಡಿಮೆ ಮಾಡಿ ವಿಷಗಳನ್ನು ಹೆಚ್ಚಿಸುತ್ತದೆ. ಅದು 26 ಅಮೈನೋ ಆಮ್ಲಗಳ ಒಂದು ವಿಷದ ಸಂಕೇತವನ್ನೂ ಹೊತ್ತಿರುವುದರಿಂದ ಅದನ್ನು ಪೂರ್ತಿ ಸಂಕೇತರಹಿತ ಎನ್ನಲು ಬರುವುದಿಲ್ಲ. ಪ್ರಕೃತಿಯಲ್ಲಿ ಪ್ರೋಟೀನ್ ಸಂಕೇತ ಹೊರುವುದು ಮತ್ತು ನಿಯಂತ್ರಿಸುವುದು ಎಂಬ ಈ ಎರಡು ಕೆಲಸಗಳ ನಡುವೆ ಗಟ್ಟಿ ಗೋಡೆಯಿಲ್ಲ.

ಸಿಂಧನೂರು ಕೃಷಿಕ

ರೋಗಿಗಳ ಮಾತಾಯಿತು, ಹೊಲದ ಮಾತನ್ನೂ ಹೇಳಿ. ನಮ್ಮಲ್ಲಿ ಭತ್ತಕ್ಕೆ ದುಂಡಾಣು ಎಲೆ ಅಂಗಮಾರಿ, ಕುಷ್ಟಗಿ ಕಡೆ ದಾಳಿಂಬೆಗೆ ದುಂಡಾಣು ಅಂಗಮಾರಿ, ಮೆಣಸಿನಕಾಯಿಗೆ ಎಲೆಚುಕ್ಕೆ. ಇವಕ್ಕೂ ಈ ಆರ್‌ಎನ್‌ಎಗಳಿಗೂ ಸಂಬಂಧವಿದೆಯೇ?

ಗಂಗಾವತಿ ಮಣ್ಣುವಿಜ್ಞಾನಿ

ಇದಕ್ಕೆ ನಾನು ಉತ್ತರಿಸಬಹುದು. ನೀವು ಹೇಳಿದ ಮೂರು ರೋಗಗಳಿಗೂ ಕ್ಸಾಂಥೊಮೊನಾಸ್ ಕುಲದ ಬ್ಯಾಕ್ಟೀರಿಯಾಗಳೇ ಕಾರಣ. ಮೆಣಸಿನಕಾಯಿ ಮತ್ತು ಟೊಮೆಟೊಗೆ ಎಲೆಚುಕ್ಕೆ ತರುವ ಬಗೆಯಲ್ಲಿ ಎಸ್-ಎಕ್ಸ್-13 ಎಂಬ ಕಿರು ಆರ್‌ಎನ್‌ಎ ಪತ್ತೆಯಾಗಿದೆ. ಅದನ್ನು ತೆಗೆದುಹಾಕಿದ ಬ್ಯಾಕ್ಟೀರಿಯಾದಿಂದ ಮೆಣಸಿನ ಗಿಡದಲ್ಲಿ ರೋಗಲಕ್ಷಣ ತಡವಾಗಿ ಕಾಣಿಸಿಕೊಂಡಿತು. ಇ. ಕೋಲಿಯಲ್ಲಿ ಬಹುಮುಖ್ಯವಾದ ಎಚ್-ಎಫ್-ಕ್ಯೂ ಪ್ರೋಟೀನ್‌ನ ನೆರವು ಇದಕ್ಕೆ ಬೇಕಾಗುವುದಿಲ್ಲ. ಆದರೆ ಇದರಿಂದ ಸಿಂಪಡಣೆಗೆ ಹೊಸ ಔಷಧ ಬಂದಿದೆ ಎಂದು ಭಾವಿಸಬೇಡಿ. ಯಾರಾದರೂ ಹಾಗೆಂದು ಮಾರಲು ಬಂದರೆ ನಂಬಬೇಡಿ.

ನನ್ನ ಸ್ವಂತ ಆಸಕ್ತಿ ಬೇರುಗಂಟಿನ ಬ್ಯಾಕ್ಟೀರಿಯಾಗಳಲ್ಲಿ. ಕಾಲುವೆ ಬಯಲಿನಲ್ಲಿ ಸವಳು-ಜವಳು ಭೂಮಿ ನಮ್ಮ ದೊಡ್ಡ ಚಿಂತೆ. ಉಪ್ಪು ಹೆಚ್ಚಿದಾಗ ಬೆಳೆಯಷ್ಟೇ ಅಲ್ಲ, ಅದರ ಬೇರಿನಲ್ಲಿ ಸಾರಜನಕ ಒದಗಿಸುವ ರೈಝೋಬಿಯಂಗಳೂ ಸಂಕಟಕ್ಕೆ ಸಿಗುತ್ತವೆ. ಕುದುರೆಮಸಾಲೆಯ ಬೇರಿನಲ್ಲಿ ಗಂಟು ಕಟ್ಟುವ ಸೈನೊರೈಝೋಬಿಯಂ ಮೆಲಿಲೋಟಿಯಲ್ಲಿ ಎನ್-ಎಫ್-ಇ-ಆರ್-1 ಎಂಬ ಕಿರು ಆರ್‌ಎನ್‌ಎ ಉಪ್ಪಿನ ಒತ್ತಡಕ್ಕೆ ಹೊಂದಿಕೊಳ್ಳುವುದರಲ್ಲಿಯೂ ಗಂಟು ಕಟ್ಟುವ ದಕ್ಷತೆಯಲ್ಲಿಯೂ ಪಾತ್ರ ವಹಿಸುತ್ತದೆಂದು 2017ರಲ್ಲಿ ವರದಿಯಾಯಿತು. ಬಿಸಿಲಿನ ವಿಷಯದಲ್ಲೂ ಹೀಗೆಯೇ. ಸೋಯಾಬೀನ್‌ನ ಬ್ರಾಡಿರೈಝೋಬಿಯಂನಲ್ಲಿ ಶಾಖರಕ್ಷಕ ಪ್ರೋಟೀನ್‌ಗಳ ಸಂದೇಶದ ತಲೆಯಲ್ಲಿ ರೋಸ್ ಎಂಬ ಮಡಿಕೆಯಿದೆ. ಸಾಮಾನ್ಯ ತಾಪದಲ್ಲಿ ಅದು ಮುಚ್ಚಿಕೊಂಡಿದ್ದು, ಶಾಖ ಹೆಚ್ಚಿದಾಗ ತಾನಾಗಿಯೇ ಬಿಚ್ಚಿಕೊಂಡು ರೈಬೋಸೋಮ್‌ಗೆ ಜಾಗ ಕೊಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ನೆಲದಲ್ಲಿ ಶೇಂಗಾ, ತೊಗರಿಯ ಬೇರುಗಂಟಿನ ಬ್ಯಾಕ್ಟೀರಿಯಾಗಳು ಇಂಥ ಮಡಿಕೆಗಳನ್ನು ಯಾವ ತಾಪದಲ್ಲಿ ತೆರೆಯುತ್ತವೆ ಎಂಬುದು ನೋಡಲೇಬೇಕಾದ ವಿಷಯ. ಮಡಿಕೆಯಲ್ಲಿ ಒಂದು ಜೋಡಿ ಅಕ್ಷರ ಬದಲಾದರೂ ತೆರೆಯುವ ತಾಪ ಬದಲಾಗಬಹುದು.

ರಾಯಚೂರು ವಿದ್ಯಾರ್ಥಿನಿ

ಮೇಡಂ, ಕ್ರಿಸ್ಪರ್ ಕೂಡ ಇದೇ ಗುಂಪಿಗೆ ಸೇರುತ್ತದೆಯೇ? ಮತ್ತು ನನ್ನ ಕಿರುಪ್ರಬಂಧಕ್ಕೆ ಇದರಲ್ಲಿ ಒಂದು ವಿಷಯ ಆರಿಸಿಕೊಳ್ಳಬೇಕೆಂದಿದ್ದೇನೆ. ಸವಳು ಮಣ್ಣಿನ ರೈಝೋಬಿಯಂನಲ್ಲಿ ಎನ್-ಎಫ್-ಇ-ಆರ್-1ಅನ್ನು ಹೋಲುವ ಆರ್‌ಎನ್‌ಎ ಇದೆಯೇ ಎಂದು ನೋಡಿದರೆ ಸಾಕಾಗುವುದೇ?

ಗಂಗಾವತಿ ಮಣ್ಣುವಿಜ್ಞಾನಿ

ಕ್ರಿಸ್ಪರ್‌ನಲ್ಲಿ ವೈರಸ್ಸಿನ ಡಿಎನ್‌ಎ ತುಣುಕುಗಳು ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಶಾಶ್ವತವಾಗಿ ಸೇರಿ, ಅವುಗಳಿಂದ ಹುಟ್ಟುವ ಕಿರು ಆರ್‌ಎನ್‌ಎಗಳು ಮುಂದಿನ ದಾಳಿಯಲ್ಲಿ ಆ ವೈರಸ್ಸನ್ನು ಗುರುತಿಸುತ್ತವೆ. ಇದನ್ನು 2007ರಲ್ಲಿ ಪ್ರಯೋಗದಿಂದ ತೋರಿಸಿದ್ದು ಮೊಸರು ತಯಾರಿಕೆಯಲ್ಲಿ ಬಳಸುವ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್‌ನಲ್ಲಿ. ಪಡೆದ ಅನುಭವ ಸಂತಾನಕ್ಕೆ ದಾಟುವುದರಿಂದ ಅದು ಈ ಚರ್ಚೆಗೆ ಖಂಡಿತ ಸೇರುತ್ತದೆ, ಆದರೆ ಅದರ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ನಿಮ್ಮ ಪ್ರಬಂಧದ ಬಗ್ಗೆ: ಇದೆಯೇ ಎಂದು ನೋಡುವುದು ಮೊದಲ ಹೆಜ್ಜೆ ಮಾತ್ರ. ಸವಳು ಮಣ್ಣಿನದನ್ನು ನೋಡಿದಷ್ಟೇ ಶ್ರದ್ಧೆಯಿಂದ ಹತ್ತಿರದ ಸವಳಿಲ್ಲದ ಮಸಾರಿ ಮಣ್ಣಿನದನ್ನೂ ನೋಡಬೇಕು; ಇಲ್ಲವಾದರೆ ಕಂಡ ವ್ಯತ್ಯಾಸ ಉಪ್ಪಿನಿಂದ ಬಂದದ್ದೋ ಅಲ್ಲವೋ ಹೇಳಲಾಗದು. ಬೀಜಭಾಗವನ್ನೂ ಉಳಿದ ಭಾಗವನ್ನೂ ಬೇರೆ ಬೇರೆಯಾಗಿ ಹೋಲಿಸಿ.

ಬಳ್ಳಾರಿ ಉಪನ್ಯಾಸಕ

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಗುರಿ ಇದೇ ಎಂದು ಹೇಳಬೇಕಾದರೆ ಈ ಕ್ಷೇತ್ರದಲ್ಲಿ ಒಪ್ಪಿತವಾದ ಪರೀಕ್ಷೆಯೊಂದಿದೆ. ಆರ್‌ಎನ್‌ಎಯ ಬೀಜಭಾಗದಲ್ಲಿ ಒಂದೆರಡು ಅಕ್ಷರ ಬದಲಿಸಿ, ನಿಯಂತ್ರಣ ತಪ್ಪುತ್ತದೆಯೇ ನೋಡಬೇಕು. ಆಮೇಲೆ ಗುರಿಸಂದೇಶದಲ್ಲಿ ಅದಕ್ಕೆ ಪೂರಕವಾದ ಅಕ್ಷರಗಳನ್ನು ಬದಲಿಸಿ, ನಿಯಂತ್ರಣ ಮರಳುತ್ತದೆಯೇ ನೋಡಬೇಕು. ಎರಡೂ ಆದರೆ ಮಾತ್ರ ಆ ಎರಡು ಅಣುಗಳು ನೇರವಾಗಿ ಜೋಡಿಯಾಗುತ್ತವೆ ಎನ್ನಬಹುದು. ಸ್ನಾತಕೋತ್ತರ ಮಟ್ಟದಲ್ಲಿ ಇಷ್ಟಕ್ಕೆ ಸಮಯ ಸಾಲದಿದ್ದರೆ ಒಂದೇ ಗುರಿಯನ್ನು ತೆಗೆದುಕೊಳ್ಳಿ. ಹತ್ತು ಗುರಿಗಳನ್ನು ಗಣಕಯಂತ್ರದಿಂದ ಊಹಿಸಿ ಪಟ್ಟಿ ಮಾಡುವುದಕ್ಕಿಂತ ಅದು ಹೆಚ್ಚು ಬೆಲೆಯುಳ್ಳದ್ದು.

ಸಿಂಧನೂರು ಕೃಷಿಕ

ತಂಗಿ, ಮಾದರಿ ಬೇಕಿದ್ದರೆ ನಮ್ಮ ಹೊಲಕ್ಕೆ ಬರಬಹುದು. ಕಾಲುವೆಯ ಕೊನೆ ಭಾಗದಲ್ಲಿ ಬಿಳಿ ಉಪ್ಪು ಕಟ್ಟಿದ ತುಂಡು ಒಂದಿದೆ, ಅದರ ಮೇಲ್ಭಾಗದಲ್ಲಿ ಒಳ್ಳೆಯ ಮಸಾರಿಯೂ ಇದೆ. ಎರಡರಲ್ಲೂ ಶೇಂಗಾ ಹಾಕಿ ನೋಡಿದ್ದೇವೆ, ಬೇರುಗಂಟು ಸಿಗುತ್ತದೆ.

ಗಂಗಾವತಿ ಮಣ್ಣುವಿಜ್ಞಾನಿ

ಅಣ್ಣನವರ ಸಹಾಯಕ್ಕೆ ಕೃತಜ್ಞತೆಗಳು. ಅಂಥ ಜೋಡಿ ತುಂಡು ಸಿಗುವುದು ಅಪರೂಪ. ಆದರೆ ಶೇಂಗಾದ ಬೇರಿನಲ್ಲಿ ಸಿಗುವುದು ಬ್ರಾಡಿರೈಝೋಬಿಯಂ, ಸೈನೊರೈಝೋಬಿಯಂ ಅಲ್ಲ. ಆದ್ದರಿಂದ ಹೋಲಿಕೆಗೆ ಆ ಕುಲದ ಪ್ರಕಟಿತ ಜೀನೋಮ್‌ಗಳಿಂದ ಆರಂಭಿಸಿ. ಬೇರುಗಂಟನ್ನು ಕಿತ್ತು ತಂದು ಬ್ಯಾಕ್ಟೀರಿಯಾ ಬೆಳೆಸಲು ಅವಸರವಿಲ್ಲ. ಆದರೆ ಹೊಲದ ಸ್ಥಿತಿಯಲ್ಲಿಯೇ ಆರ್‌ಎನ್‌ಎ ಎಷ್ಟಿದೆ ಎಂದು ಅಳೆಯಬೇಕಿದ್ದರೆ, ಗಂಟನ್ನು ಕಿತ್ತ ಕೂಡಲೇ ಆರ್‌ಎನ್‌ಎ ಕೆಡದಂತೆ ಕಾಪಾಡುವ ದ್ರಾವಣದಲ್ಲಿ ಅಥವಾ ದ್ರವ ಸಾರಜನಕದಲ್ಲಿ ಹಾಕಬೇಕು. ಬ್ಯಾಕ್ಟೀರಿಯಾದ ಸಂದೇಶಗಳು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತವೆ. ಸಿಂಧನೂರಿನಿಂದ ರಾಯಚೂರು ತಲುಪುವಷ್ಟರಲ್ಲಿ ಡಬ್ಬಿಯೊಳಗಿನ ಬ್ಯಾಕ್ಟೀರಿಯಾಗಳು ಪ್ರಯಾಣದ ಒತ್ತಡಕ್ಕೆ ಕೊಟ್ಟ ಉತ್ತರವನ್ನಷ್ಟೇ ನೀವು ಅಳೆದಿರುತ್ತೀರಿ. ಬರುವ ಮುಂಚೆ ಎರಡೂ ತುಂಡಿನ ಮಣ್ಣಿನ ಲವಣಾಂಶ ಮತ್ತು ರಸಸಾರವನ್ನು ಪರೀಕ್ಷೆ ಮಾಡಿಸಿಡಿ.